ಒಂದು ಕಿಲೋ ನೂರು ಗ್ರಾಂ

ಕಾರಿನ ಗಾಲಿಗಳನ್ನು ತೂಗಿ ನೋಡುವ ಅಭ್ಯಾಸವನ್ನು ನಮ್ಮ ಮನೆಯಲ್ಲಿ ಶುರುಮಾಡಿದವಳು ನಾನೇ. ಅದನ್ನು ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಅದು ಎರಡು ಸಾವಿರದ ಏಳನೆಯ ಇಸವಿ. ನನ್ನ ಅಕ್ಕನ ಮೊಮ್ಮಗಳು ತನ್ವಿ ಮೈಸೂರಿನಿಂದ ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಬಂದು, ಮೆಹದಿಪಟ್ಟಣಂನ ನಮ್ಮ ಮನೆಯಲ್ಲೇ ಇದ್ದಳು. ಅವಳ ಜೊತೆಯವರು ಸಂಬಳ ಬಂದರೆ ಚಿನ್ನವನ್ನೋ ಸೈಟನ್ನೋ ನೋಡುತ್ತಿದ್ದರು. ಇವಳು ಒಂದು ಹಳೆಯ ಪುಟ್ಟ ಕಾರು ಕೊಂಡು, ಅದರ ಎಂಜಿನ್ನನ್ನು ಬಿಚ್ಚಿಸಿ ಜೋಡಿಸಿ, ಭಾನುವಾರ ಶಂಶಾಬಾದ್ ಕಡೆಯ ಖಾಲಿ ಮೈದಾನಕ್ಕೆ ಹೋಗುತ್ತಿದ್ದಳು. ಅಲ್ಲಿ ಕೆಂಪು ಕೋನುಗಳನ್ನಿಟ್ಟು, ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ, ಗಡಿಯಾರ ಹಿಡಿದು ಹೊತ್ತು ನೋಡುತ್ತಾರೆ. ಹನ್ನೆರಡು ಹುಡುಗರ ನಡುವೆ ಇವಳೊಬ್ಬಳೇ ಹುಡುಗಿ.

ಒಂದು ದಿನ ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು, "ಚಿಕ್ಕಜ್ಜಿ, ನೀವು ಫಿಸಿಕ್ಸ್ ಅಲ್ವಾ? ಹಗುರದ ವೀಲ್ ಹಾಕಿದ್ರೆ ನಿಜವಾಗ್ಲೂ ಪ್ರಯೋಜನ ಇದೆಯಾ, ಇಲ್ಲಾ ಹುಡುಗರು ಸುಮ್ಮನೆ ಕೊಚ್ಕೋತಾರಾ?" ಎಂದು ಕೇಳಿದಳು.

ನಾನು ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಈ ಊರಿಗೆ ಬಂದವಳು. ಕೆಲಸಕ್ಕೆ ಹೋಗಲಿಲ್ಲ. ನಲವತ್ತನಾಲ್ಕು ವರ್ಷಗಳಲ್ಲಿ ನನ್ನ ಭೌತಶಾಸ್ತ್ರವನ್ನು ಯಾರೂ ಕೇಳಿರಲಿಲ್ಲ. ಅವಳು ಕೇಳಿದ ಕೂಡಲೇ ನನಗೆ ಮೈಯಲ್ಲಿ ಬಲ ಬಂದಂತಾಯಿತು. ಒಂದು ಮಣೆಯನ್ನು ಓರೆಯಾಗಿಟ್ಟೆ. ನನ್ನ ಕೈಬಳೆಯನ್ನೂ ಒಂದು ದೊಡ್ಡ ನಾಣ್ಯವನ್ನೂ ಮೇಲಿನಿಂದ ಒಟ್ಟಿಗೆ ಉರುಳಿಸಿದೆ. ನಾಣ್ಯ ಮೊದಲು ಕೆಳಗೆ ಬಂತು.

"ನೋಡು, ಬಳೆಯ ತೂಕವೆಲ್ಲ ಅಂಚಿನಲ್ಲಿದೆ. ಅಂಚಿನಲ್ಲಿ ತೂಕ ಇದ್ದರೆ ತಿರುಗಿಸೋಕೂ ಕಷ್ಟ, ನಿಲ್ಲಿಸೋಕೂ ಕಷ್ಟ. ಕಾರಿನೊಳಗೆ ಒಂದು ಕಿಲೋ ಇಳಿಸೋದೂ ಗಾಲಿಯ ಅಂಚಿನಲ್ಲಿ ಒಂದು ಕಿಲೋ ಇಳಿಸೋದೂ ಒಂದೇ ಅಲ್ಲ. ಮತ್ತೆ ಗಾಲಿ ಸ್ಪ್ರಿಂಗಿನ ಕೆಳಗಿದೆ. ಹಗುರವಾಗಿದ್ದರೆ ಉಬ್ಬುತಗ್ಗಿನಲ್ಲಿ ಬೇಗ ನೆಲಕ್ಕೆ ಅಂಟಿಕೊಳ್ಳುತ್ತೆ."

"ಬಾಪ್ರೇ ಚಿಕ್ಕಜ್ಜಿ! ಇಷ್ಟು ದಿನ ಸಾರು ಮಾಡ್ತಾ ಕೂತಿದ್ರಲ್ಲ!" ಎಂದು ನನ್ನ ಗಲ್ಲ ಹಿಂಡಿದಳು. ಆ ಮಾತಿನಲ್ಲಿ ನಾನು ವಾರವಿಡೀ ತೇಲಿದೆ.

ನಮ್ಮ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ಮಾಣಿಕಪ್ಪನವರ ಟೈರಿನ ಅಂಗಡಿ. ಅವರು ಭಾಲ್ಕಿ ಕಡೆಯವರು. ಅಲ್ಲಿ ಗಾಲಿಯ ಕೆಲಸವೆಲ್ಲ ಹುಲಗೇಶನದು. ಲಿಂಗಸುಗೂರಿನ ಹತ್ತಿರದ ಹಳ್ಳಿಯಿಂದ ಬಂದು ಹನ್ನೊಂದು ವರ್ಷದಿಂದ ಅದೇ ಅಂಗಡಿಯಲ್ಲಿದ್ದ. ನಾನು ಮೊದಲ ಸಲ ತನ್ವಿಯ ಜೊತೆ ಹೋದಾಗ, ತಾನು ಕೂರುವ ಸ್ಟೂಲನ್ನು ಟವೆಲಿನಿಂದ ಒರೆಸಿ, ನೆರಳು ಸರಿದ ಹಾಗೆಲ್ಲ ಅದನ್ನು ನನಗಾಗಿ ಸರಿಸಿಕೊಡುತ್ತಿದ್ದ. ನನ್ನ ಮೊಣಕಾಲು ನೋಯುವುದನ್ನು ನಾನು ಹೇಳಿರಲಿಲ್ಲ. ಎರಡನೆಯ ಸಲ ಹೋದಾಗ ಸ್ಟೂಲಿನ ಕೆಳಗೆ ಒಂದು ಹಳೆಯ ಟೈರು ಇಟ್ಟು ಎತ್ತರ ಮಾಡಿದ್ದ.

ಹಗುರದ ಗಾಲಿಯ ಬಗ್ಗೆ ಅವನ ಮಾತು ಬೇರೆಯೇ ಇತ್ತು.

"ಮೈದಾನಕ್ಕ ಭಾಳ ಚಲೋ ಐತ್ರಿ ಅಕ್ಕಾರ. ಕಾರ ಹಗರ ಎದ್ದು ಓಡ್ತೈತಿ, ಬ್ರೇಕ್ ಲಗೂನ ಹಿಡೀತೈತಿ. ಆದ್ರ ನಮ್ಮ ಈ ರೋಡಿಗೆ ಬ್ಯಾಡ್ರಿ. ಕಬ್ಬಿಣದ್ದು ತೆಗ್ಗಿಗೆ ಬಿದ್ರ ಸೊಟ್ಟ ಆಗ್ತೈತಿ, ನಾ ಬಡದು ಸರಿ ಮಾಡಿ ಕೊಡ್ತೀನಿ. ಇದು ಸೊಟ್ಟ ಆಗಂಗಿಲ್ಲ, ಸೀಳ್ತೈತಿ."

"ಅಲ್ಯೂಮಿನಿಯಂ ಅಲಾಯ್ ವೀಲ್ ಅಂದ್ರೆ ಎಲ್ಲಾ ಹಗುರಾನೇ ಅಲ್ವಾ?" ಎಂದಳು ತನ್ವಿ.

ಅವನು ನಕ್ಕ. "ಅಲ್ರಿ. ಅಗ್ಗದ ಅಲಾಯ್ ಕಬ್ಬಿಣಕ್ಕಿಂತ ವಜ್ಜಿ ಇರ್ತಾವು. ಬರೇ ಥಳಥಳ. ನೋಡಾಕ ಒಂದಾ ನಮೂನಿ ಕಾಣ್ತಾವು, ನಕಲಿ ಭಾಳ ಬಂದಾವ್ರಿ. ತೂಕ ನೋಡಿದ್ರನ ತಿಳೀತೈತಿ."

ಆ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ. ತನ್ವಿ ಒಂದು ತಿಂಗಳು ಯೋಚಿಸಿದಳು. ಕೊನೆಗೆ, ದಿನದ ಓಡಾಟಕ್ಕೆ ಕಬ್ಬಿಣದ ಗಾಲಿ, ಭಾನುವಾರಕ್ಕೆ ಹಗುರದ್ದು ಎಂದು ಅವಳೂ ಹುಲಗೇಶನೂ ಸೇರಿ ತೀರ್ಮಾನಿಸಿದರು. ಗಾಲಿಗಳು ಮನೆಗೆ ಬಂದ ದಿನ ನಾನು ಸಡಗರದಿಂದ ತೂಕದ ಯಂತ್ರವನ್ನು ಹೊರತೆಗೆದೆ. ಬೇಗಂ ಬಜಾರಿನಲ್ಲಿ ಕೊಂಡ, ಅಂಕಿ ಮೂಡುವ ಯಂತ್ರ. ಅದು ಸರಿಯಿದೆಯೇ ಎಂದು ಐದು ಕಿಲೋ ಅಕ್ಕಿಯ ಚೀಲವಿಟ್ಟು ಪರೀಕ್ಷಿಸಿದೆ. ಟೈರು ಸಮೇತ ಕಬ್ಬಿಣದ ಗಾಲಿ ಹದಿನೈದೂವರೆ ಕಿಲೋ. ಹಗುರದ್ದು ನಾಲ್ಕೂ ಹನ್ನೆರಡು ಕಿಲೋ ಆರುನೂರು ಗ್ರಾಂ. ನನ್ನ ಡೈರಿಯಲ್ಲಿ ಬರೆದಿಟ್ಟೆ. ಮುಂದಿನ ಭಾನುವಾರ ತನ್ವಿ ಒಂದು ಸುತ್ತಿಗೆ ಮುಕ್ಕಾಲು ಸೆಕೆಂಡು ಬೇಗ ಮುಗಿಸಿ ಬಂದಳು. "ಟೈರೂ ಹೊಸದು, ಅದರದ್ದೂ ಪಾಲಿದೆ" ಎಂದಳು. ನನಗೆ ಮಾತ್ರ ಅಷ್ಟೂ ನನ್ನ ಬಳೆಯ ಲೆಕ್ಕವೇ.

ಆ ದಿನಗಳಲ್ಲೇ ಹುಲಗೇಶ ತನ್ನ ಸುದ್ದಿ ಹೇಳಿದ. ಮಾಣಿಕಪ್ಪನವರು ಗಚ್ಚಿಬೌಲಿಯಲ್ಲಿ ಎರಡನೆಯ ಅಂಗಡಿ ತೆರೆಯುವವರಿದ್ದರು. ಅದನ್ನು ನಡೆಸುವುದು ಹುಲಗೇಶ. ಹಿಂದುಗಡೆ ಒಂದು ಕೋಣೆ, ಅದಕ್ಕೊಂದು ನಲ್ಲಿ. ಅವನ ಹೆಂಡತಿ ಸಾಬಮ್ಮ ಪಟಾನ್‌ಚೆರುವಿನಲ್ಲಿ ಕಾರ್ಖಾನೆ ಕಟ್ಟುವ ಕಡೆ ಮರಳು ಹೊರುತ್ತಿದ್ದಳು. ಏಳು ವರ್ಷದ ಮಗಳು ದಾನೇಶ್ವರಿಯ ಜೊತೆ ಅಲ್ಲಿನ ತಗಡಿನ ಶೆಡ್ಡಿನಲ್ಲಿದ್ದಳು. ಇವನು ಅಂಗಡಿಯಲ್ಲಿ ಮಲಗಿ, ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ.

"ಇನ್ನ ಮೂರೂ ಮಂದಿ ಒಂದಾ ಕಡೆ ಇರ್ತೀವ್ರಿ ಅಮ್ಮಾರ. ಮಗಳನ್ನ ಸಾಲಿಗೆ ಹಾಕ್ತೀನಿ," ಎಂದು ಹೊಸ ಅಂಗಡಿಯ ಚಾವಿಯನ್ನು ಜೇಬಿನಿಂದ ತೆಗೆದು ತೋರಿಸಿ ಮತ್ತೆ ಒಳಗಿಟ್ಟುಕೊಂಡ.

ಹೊಸ ಅಂಗಡಿಯ ಪೂಜೆ ಶುಕ್ರವಾರಕ್ಕೆ ನಿಗದಿಯಾಗಿತ್ತು. ಆ ವಾರದ ಸೋಮವಾರ ನನ್ನ ಕಣ್ಣಿನ ಡಾಕ್ಟರ ಬಳಿ ಹೋಗುವುದಿತ್ತು. ಹಿಂದಿನ ದಿನ ಮೈದಾನದಿಂದ ದಣಿದು ಬಂದ ತನ್ವಿ ಗಾಲಿ ಬದಲಾಯಿಸಿರಲಿಲ್ಲ. ಬೆಳಿಗ್ಗೆ, "ಅರ್ಧ ಗಂಟೆ ಕೊಡಿ ಚಿಕ್ಕಜ್ಜಿ, ಕಬ್ಬಿಣದ್ದು ಹಾಕಿಸ್ಕೊಂಡು ಹೋಗೋಣ" ಎಂದಳು. "ಅಷ್ಟರಲ್ಲಿ ನನ್ನ ಪಾಳಿ ಹೋಗುತ್ತೆ. ಒಂದು ದಿನಕ್ಕೆ ಏನಾಗುತ್ತೆ, ನಡಿ" ಎಂದೆ. ಮೇಲ್ಸೇತುವೆ ಕಟ್ಟಲೆಂದು ರಸ್ತೆಯನ್ನೆಲ್ಲ ಅಗೆದಿದ್ದರು. ಒಂದು ಕಡೆ ಕಾರು ಧಡ್ಡನೆ ಕೆಳಗಿಳಿದು ಎದ್ದಿತು. ತನ್ವಿ ತುಟಿ ಕಚ್ಚಿದಳು. "ಏನಾಯ್ತು?" ಎಂದೆ. "ಏನಿಲ್ಲ ಚಿಕ್ಕಜ್ಜಿ" ಎಂದಳು. ನಾನು ನನ್ನ ಕಣ್ಣಿನ ಪೊರೆಯ ಚಿಂತೆಯಲ್ಲಿ ಅದನ್ನು ಮರೆತೆ.

ಮಂಗಳವಾರ ಅವಳು ಕಾರನ್ನು ಅಂಗಡಿಯಲ್ಲಿ ಬಿಟ್ಟು ಆಫೀಸಿನ ಬಸ್ಸಿನಲ್ಲಿ ಹೋದಳು. ಮಧ್ಯಾಹ್ನ ಹುಲಗೇಶನೇ ಹಗುರದ ನಾಲ್ಕು ಗಾಲಿಗಳನ್ನು ಆಟೋದಲ್ಲಿ ತಂದು, ಗೋಣಿಚೀಲ ಹಾಸಿ ವರಾಂಡದಲ್ಲಿ ಜೋಡಿಸಿದ. ಕಾರನ್ನು ಸಂಜೆ ತನ್ವಿಯೇ ತರುವವಳಿದ್ದಳು. ಅವನು ನೀರು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಒಂದು ಗಾಲಿಯ ಮೇಲೆ ಸೀಮೆಸುಣ್ಣದ ಗೆರೆ ಕಂಡಿತು. ಏಕೋ ತೂಗಿ ನೋಡೋಣ ಎನಿಸಿತು. ಕೆಲಸದ ಗಿರಿಜಾಬಾಯಿ ಒಂದೊಂದೇ ಗಾಲಿಯನ್ನು ಯಂತ್ರದ ಮೇಲೆ ಎತ್ತಿಟ್ಟಳು. ಮೂರು ಗಾಲಿ ಹನ್ನೆರಡು ಆರುನೂರು. ಗೆರೆ ಎಳೆದದ್ದು ಹದಿಮೂರು ಏಳುನೂರು.

ಒಂದು ಕಿಲೋ ನೂರು ಗ್ರಾಂ ಹೆಚ್ಚು. ಮೂರು ಸಲ ತೂಗಿಸಿದೆ. ಅಕ್ಕಿಯ ಚೀಲವಿಟ್ಟು ಯಂತ್ರವನ್ನೂ ಪರೀಕ್ಷಿಸಿದೆ. ನೋಡಲು ಎಲ್ಲವೂ ಒಂದೇ ನಮೂನೆ, ತೂಕ ನೋಡಿದರೇ ತಿಳಿಯುವುದು. ಅವನೇ ಹೇಳಿದ್ದ ಮಾತು ನೆನಪಾಗಿ, ಮೈ ಬಿಸಿಯಾಯಿತು. ಅಸಲಿ ಗಾಲಿಯನ್ನು ಇಟ್ಟುಕೊಂಡು ನಕಲಿಯನ್ನು ತಂದಿಟ್ಟಿದ್ದಾನೆ, ತನಗೆ ಗುರುತಿರಲೆಂದು ಗೆರೆಯನ್ನೂ ಎಳೆದಿದ್ದಾನೆ ಎಂದುಕೊಂಡೆ.

ತನ್ವಿಗೆ ಫೋನು ಮಾಡಿದೆ. ಅವಳ ಕೆಲಸದ ಜಾಗಕ್ಕೆ ಮೊಬೈಲು ಒಯ್ಯಲು ಬಿಡುವುದಿಲ್ಲ, ಹೊರಗೆ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಅದು ಬಡಿದುಕೊಂಡು ಸುಮ್ಮನಾಯಿತು.

"ತನ್ವಿಯವರು ಬರಲಿ ಬಿಡ್ರಿ ಅಮ್ಮಾ, ಸಂಜಿಗಿ ಕೇಳಿದ್ರಾತು," ಎಂದಳು ಗಿರಿಜಾಬಾಯಿ.

ಸಂಜೆಯವರೆಗೆ ಕಾಯಬಹುದಿತ್ತು. ಆದರೆ ನಾನು ಕಂಡುಹಿಡಿದಿದ್ದೆನಲ್ಲ! ಕಂಡುಹಿಡಿದದ್ದನ್ನು ಸಂಜೆಯವರೆಗೆ ಬಾಯಲ್ಲಿಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ. ಗಾಲಿ ಹೊರುವುದು ಆಗದ ಮಾತು. ಡೈರಿಯನ್ನು ಹಿಡಿದು ಆಟೋ ಹತ್ತಿದೆ.

ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಹುಲಗೇಶ ನನ್ನನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಸ್ಟೂಲು ತಂದ.

"ಕುಂದರ್ರಿ ಅಮ್ಮಾರ. ಬಿಸಲಾಗ ಯಾಕ ಬಂದ್ರಿ?"

ನಾನು ಕೂರಲಿಲ್ಲ. "ನಮ್ಮ ಗಾಲಿ ಎಲ್ಲಿ ಹುಲಗೇಶ?"

"ನಿನ್ನೆ ತಂದಿಟ್ಟೀನಲ್ರಿ."

"ನಾಲ್ಕರಲ್ಲಿ ಮೂರು ನಮ್ಮದು. ಗೆರೆ ಎಳೆದಿದ್ದೀಯಲ್ಲ, ಅದು ಯಾರದು? ಒಂದು ಕಿಲೋ ನೂರು ಗ್ರಾಂ ಹೆಚ್ಚಿದೆ. ಇಲ್ಲಿ ಬರೆದಿದ್ದೇನೆ ನೋಡು."

ನನ್ನ ದನಿ ಅಷ್ಟು ದೊಡ್ಡದಾಗಬಲ್ಲದೆಂದು ನನಗೇ ತಿಳಿದಿರಲಿಲ್ಲ. ಗಿರಾಕಿಗಳು ತಿರುಗಿ ನೋಡಿದರು. ಹುಲಗೇಶ ಡೈರಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದ.

"ಅಮ್ಮಾರ, ಅದು..." ಎಂದು ನಿಲ್ಲಿಸಿದ. "ಸಂಜಿಗೆ ಅಕ್ಕಾರ ಬರಲ್ರಿ. ಅವರನ್ನ ಕೇಳ್ರಿ."

"ಅವಳನ್ನೇಕೆ ಕೇಳಬೇಕು? ತೂಕ ನೋಡಿದವಳು ನಾನು. ಗಾಲಿ ಬದಲಾಯಿಸಿದವನು ನೀನು."

ಮಾಣಿಕಪ್ಪನವರು ಗಲ್ಲಾದಿಂದ ಎದ್ದು ಬಂದರು. "ಏನ್ರೀ ಅಮ್ಮಾರ, ಏನಾತು?" ಎಂದು ಡೈರಿಯನ್ನು ತಿರುವಿದರು. ದಿನಾಂಕ ಹಾಕಿ, ಗೆರೆ ಎಳೆದು, ದುಂಡಗೆ ಬರೆದ ಅಂಕಿಗಳು. ನನ್ನ ಅಕ್ಷರ ಮೊದಲಿನಿಂದಲೂ ಚೆಂದ.

"ಏನಲೇ ಹುಲಗ್ಯಾ? ಕಲ್ತವರು ಬರಕೊಂಡು ಬಂದಾರ. ಇದಕ್ಕೇನಂತಿ?"

ಹುಲಗೇಶ ಬಾಯಿ ತೆರೆಯುವಷ್ಟರಲ್ಲಿ ಅವರೇ ಮತ್ತೆ ಗದರಿದರು.

"ದುಕಾನದ ಇಜ್ಜತ್ ತಗದೆಲ್ಲೋ! ನಾಡಿದ್ದು ಪೂಜಾ ಇಟ್ಕೊಂಡೀನಿ ನಾ. ಚಾವಿ ಇಡು ಇಲ್ಲಿ."

ಅವನು ಜೇಬಿನಿಂದ ಚಾವಿ ತೆಗೆದು ಗಲ್ಲಾದ ಮೇಲಿಟ್ಟ. ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಹೊರಗೆ ಹೋಗುವಾಗ ಸ್ಟೂಲನ್ನು ನೆರಳಿಗೆ ಸರಿಸಿ ಹೋದ. ಅದು ಅಭ್ಯಾಸಬಲವೋ ಏನೋ. ಅದನ್ನು ಕಂಡೂ ನಾನು ಹೂಂ ಎಂದು ಮುಖ ತಿರುಗಿಸಿದೆ.

ಸಂಜೆ ಏಳಕ್ಕೆ ತನ್ವಿ ಬಂದಳು. ನಾನು ಅವಳು ಚಪ್ಪಲಿ ಬಿಡುವುದಕ್ಕೂ ಬಿಡದೆ ಎಲ್ಲವನ್ನೂ ಹೇಳಿದೆ. ಹೊಗಳುತ್ತಾಳೆಂದು ಕಾದೆ. ಅವಳು ಬಾಗಿಲಲ್ಲೇ ಕುಳಿತಳು.

"ಅಯ್ಯೋ ಚಿಕ್ಕಜ್ಜಿ... ಅದು ಟ್ಯೂಬು."

"ಏನು?"

"ಸೋಮವಾರ ಗುಂಡಿಗೆ ಬಿತ್ತಲ್ಲ, ವೀಲ್ ಒಳಗಡೆ ಸೀಳಿತ್ತು. ಇದು ಟ್ಯೂಬ್ ಇಲ್ಲದ ಟೈರು, ಗಾಳಿ ನಿಲ್ತಾ ಇರ್ಲಿಲ್ಲ. ಗಾಳಿ ಹೋದ ಗಾಲಿ ಮನೇಲಿ ನೋಡಿದ್ರೆ ನೀವು ಕೇಳ್ತೀರ, ಗೊತ್ತಾದ್ರೆ ನನ್ನಿಂದ ಹಾಳಾಯ್ತು ಅಂತ ಕೊರಗ್ತೀರ, ಇನ್ಮೇಲೆ ಕಾರೇ ಹತ್ತಲ್ಲ ಅಂತೀರ. ಅದಕ್ಕೇ ಒಳಗೊಂದು ಟ್ಯೂಬ್ ಹಾಕಿ ಗಾಳಿ ತುಂಬಿಡಿ ಅಂದೆ. ಒಡೆದಿದ್ದು ಯಾವುದು ಅಂತ ನನಗೆ ಗೊತ್ತಾಗ್ಲಿ ಅಂತ ಅವರು ಗೆರೆ ಹಾಕಿದ್ದು. ಚಿಕ್ಕಜ್ಜಿಗೆ ಹೇಳ್ಬೇಡಿ ಅಂತ ನಾನೇ ಮಾತು ತಗೊಂಡಿದ್ದೆ."

ನಾನು ಗಾಲಿಯ ಹತ್ತಿರ ಹೋಗಿ ಕುಳಿತೆ. ಗಾಳಿ ತುಂಬುವ ಬಾಯಿ ಮೂರು ಗಾಲಿಗಳಲ್ಲಿ ಒಂದು ಬಗೆ, ಗೆರೆಯ ಗಾಲಿಯಲ್ಲಿ ಬೇರೆ ಬಗೆ. ಅದು ಎದ್ದು ಕಾಣುತ್ತಿತ್ತು. ತೂಗಿದ್ದೆ, ಬರೆದಿದ್ದೆ, ಆದರೆ ನೋಡಿರಲಿಲ್ಲ. ನನಗೆ ನೋವಾಗಬಾರದೆಂದು ಇಬ್ಬರು ಸೇರಿ ಒಳಗಿಟ್ಟದ್ದನ್ನೇ ನಾನು ಕಳ್ಳತನದ ತೂಕವೆಂದು ಊರ ಮುಂದೆ ಓದಿದ್ದೆ.

"ನೀವು ಬೈಯಲ್ವಾ ನನಗೆ? ನಾನೂ ಸುಳ್ಳು ಹೇಳ್ದೆ," ಎಂದಳು ತನ್ವಿ ಅಳುತ್ತಾ. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಹುಲಗೇಶನಿಗೆ ಮೊಬೈಲಿರಲಿಲ್ಲ. ಅಂಗಡಿಯ ಫೋನೇ ಅವನ ಫೋನು. ಅಲ್ಲಿ ಯಾರೂ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಮಾಣಿಕಪ್ಪನವರನ್ನು ಗಲ್ಲಾದ ಹಿಂದಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಹಣೆ ಹಣೆ ಚಚ್ಚಿಕೊಂಡರು.

"ಟ್ಯೂಬ್ ಹಾಕೀನಂತ ಒಂದ ಮಾತ ಅಂದಿದ್ರ ಸಾಕಿತ್ತಲ್ರಿ! ಬಾಯಾಗ ಏನಿಟ್ಕೊಂಡಿದ್ದ? ನಾನರ ಹನ್ನೊಂದ ವರ್ಷದ ಮನಶಾನ ಒಂದ ಗಳಿಗ್ಯಾಗ..." ಎಂದು ತಲೆ ತುರಿಸಿಕೊಂಡರು. "ಈಗ ಹೊಸ ಅಂಗಡಿ ನೋಡ್ಕೊಳ್ಳಾಕ ನಮ್ಮ ಹೆಂಡ್ತಿ ತಮ್ಮಗ ಬಾ ಅಂತ ಹೇಳೀನ್ರಿ. ನಾಳಿ ಹತ್ತಕ್ಕ ಪೂಜಾ. ಅಷ್ಟರಾಗ ಹುಲಗ್ಯಾ ಬಂದು ಎದುರಿಗೆ ನಿಂತ್ರ ಚಾವಿ ಅವಂಗ. ಬರ್ಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ. ನಾ ಹೋಗಿ ಕರ್ಯಾಂಗಿಲ್ಲ, ನೀವ ಕರ್ಕೊಂಡು ಬರ್ರಿ."

ಅವರಿಂದ ಜಾಗದ ಗುರುತು ಕೇಳಿಕೊಂಡು ನಾನು ಪಟಾನ್‌ಚೆರುವಿನ ಬಸ್ಸು ಹತ್ತಿದೆ. ರಜೆ ಹಾಕಿ ಜೊತೆಗೆ ಬರುತ್ತೇನೆಂದ ತನ್ವಿಯನ್ನು ಆಫೀಸಿಗೆ ಕಳಿಸಿದ್ದೆ. ಬಸ್ಸು ಕಾರ್ಖಾನೆಯ ಕೆಲಸಗಾರರಿಂದ ತುಂಬಿತ್ತು. ಒಬ್ಬಾಕೆ ತನ್ನ ಊಟದ ಡಬ್ಬಿಯನ್ನು ತೊಡೆಯ ಮೇಲೆತ್ತಿಕೊಂಡು ನನಗೆ ಜಾಗ ಮಾಡಿಕೊಟ್ಟಳು. ಬೇರೆ ದಿನವಾಗಿದ್ದರೆ ಅವಳೊಡನೆ ನಾಲ್ಕು ಮಾತಾಡುತ್ತಿದ್ದೆ. ಅಂದು ತಲೆ ಎತ್ತಲಿಲ್ಲ.

ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಹುಲಗೇಶನ ಮನೆ ಯಾವುದೆಂದು ಕೇಳಿದ್ದಕ್ಕೆ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಹೋಗುತ್ತಿದ್ದ ಹೆಂಗಸೇ ನಿಂತಳು.

"ನಮ್ಮದರಿ ಯವ್ವಾ. ಅವರೂ ಇವತ್ತಿಂದ ಇಲ್ಲೇ ಕೆಲಸದ ಮ್ಯಾಲ ಅದಾರ, ಊಟದ ಹೊತ್ತಿಗೆ ಬರ್ತಾರ. ಎಷ್ಟ ಬೆವತೀರಿ! ಒಳಗ ಬರ್ರಿ."

ಅವಳೇ ಸಾಬಮ್ಮ. ನನ್ನನ್ನು ಒಳಗೆ ಕೂರಿಸಿ, ಗಡಿಗೆಯ ನೀರು ಕೊಟ್ಟಳು. ನನ್ನ ಕಾಲನ್ನು ನೋಡಿ, ಗೋಡೆಗೆ ಒರಗಲೆಂದು ಮಡಚಿದ ಕೌದಿಯನ್ನು ಬೆನ್ನ ಹಿಂದಿಟ್ಟಳು. ಮೂಲೆಯಲ್ಲಿ ಎರಡು ಪೆಟ್ಟಿಗೆಗಳನ್ನು ಹಗ್ಗದಿಂದ ಕಟ್ಟಿ ಇಟ್ಟಿದ್ದರು. ಗಚ್ಚಿಬೌಲಿಗೆ ಹೊರಡಲು ಕಟ್ಟಿದ್ದವು.

"ಅಂಗಡಿ ಕಡೀಂದ ಬಂದೀರೇನ್ರಿ?" ಎಂದಳು. ನಾನು ಹೂಂ ಎನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ನೋಡ್ರಿ ಯವ್ವಾ, ಎಂಥಾ ಹೊತ್ತು ಬಂತು. ಯಾರೋ ಮುದಕಿ ಅಂತ, ಭಾಳ ಕಲ್ತಾಕಿ ಅಂತ. ಪುಸ್ತಕ ಹಿಡ್ಕೊಂಡು ಬಂದು ಗಾಲಿ ಕದ್ದಾನ ಅಂದ್ಲಂತ. ನಮ್ಮವರು ಒಂದು ಬೋಲ್ಟ್ ಮನಿಗೆ ತಂದಿಲ್ರಿ ಇವತ್ತಿನ ತನಕ. ಆಕಿಗೇನು, ಅಂದು ಮನಿಗೆ ಹೋಗಿ ಉಂಡು ಮಲಗಿರ್ತಾಳ. ಇಲ್ಲಿ ಇಪ್ಪತ್ತು ಮನಿ ನಮ್ಮೂರವರದ ಅದಾವು. ರಾತ್ರಿ ಕಳಿಯೂದರಾಗ ಸುದ್ದಿ ಊರ ಮುಟ್ಟೈತಿ. ನಮ್ಮತ್ತಿ ಬಾಜೂ ಮನಿಯವರ ಫೋನಿಗೆ ಮಾಡಿಸಿದ್ಲು, ನಿನ್ನ ಗಂಡ ಏನ್ ಕದ್ದಾನ ಅಂತ."

ನೀರಿನ ಲೋಟ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಡಲೂ ತಿಳಿಯಲಿಲ್ಲ.

"ಆ ಮುದುಕಿ ನಾನೇ ಕಣಮ್ಮ," ಎಂದೆ.

ಅವಳು ಸಿಂಬಿಯನ್ನು ತಲೆಯಿಂದ ತೆಗೆದಳು. ನಾನು ಟ್ಯೂಬಿನ ವಿಷಯ, ಗುಂಡಿಯ ವಿಷಯ, ನಾಳೆ ಹತ್ತು ಗಂಟೆಯ ವಿಷಯ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಹೊರಗೆ ಹೋಗು ಎನ್ನುತ್ತಾಳೆಂದುಕೊಂಡೆ. ಹಾಗಂದಿದ್ದರೆ ಹಗುರವಾಗುತ್ತಿತ್ತು.

"ಅಂಗಡಿ ಸೇಠನ ಮುಂದ ಹೇಳೀರೇನ್ರಿ ಇದನ್ನ?"

"ಹೇಳಿದ್ದೇನೆ."

"ಎಲ್ಲಾರ ಮುಂದ?"

ನನಗೆ ಆಗ ಹೊಳೆಯಿತು. ಕಳ್ಳನೆಂದು ಕೂಗಿದ್ದು ಐದಾರು ಜನರ ಮುಂದೆ. ಅಲ್ಲವೆಂದು ಹೇಳಿದ್ದು ಗಲ್ಲಾದ ಹಿಂದೆ, ಪಿಸುದನಿಯಲ್ಲಿ, ಗಿರಾಕಿಗಳು ಬರುವ ಮೊದಲು. ಅಷ್ಟು ಬೇಗ ಹೋದದ್ದು ಹುಲಗೇಶನಿಗಾಗಿ ಎಂದು ನಾನು ತಿಳಿದಿದ್ದೆ. ನನಗಾಗಿಯೇ ಹೋಗಿದ್ದೆ.

"ಇಲ್ಲ," ಎಂದೆ.

"ಇನ್ನೊಂದು ತಾಸಿಗೆ ಮಂದಿ ಉಣ್ಣಾಕ ಬರ್ತೈತಿ. ಅವರ ಮುಂದ ಹೇಳ್ರಿ," ಎಂದು ಸಾಬಮ್ಮ ಕೆಲಸಕ್ಕೆ ಎದ್ದು ಹೋದಳು.

ಆ ಒಂದು ಗಂಟೆ ನಾನು ಅವಳ ಕೌದಿಗೆ ಒರಗಿ ಕುಳಿತಿದ್ದೆ. ಜನ ಬಂದರು. ಕೈಕಾಲು ತೊಳೆದು, ಬುತ್ತಿ ಬಿಚ್ಚಿ ಸಾಲಾಗಿ ಕುಳಿತರು. ಹುಲಗೇಶನೂ ಬಂದ. ಮೈಯೆಲ್ಲ ಸಿಮೆಂಟು. ನನ್ನನ್ನು ಕಂಡು ಗಾಬರಿಯಾಗಿ, "ಅಮ್ಮಾರ, ಇಲ್ಲೀತನ ಯಾಕ ಬಂದ್ರಿ? ಅಕ್ಕಾರು ಆ ಗೆರಿ ಹೊಡದ ಗಾಲಿ ಕಾರಿಗೆ ಹಾಕಿಲ್ಲಲ್ರಿ? ಟ್ಯೂಬ್ ಬರೇ ತೋರಸಾಕ. ಅದರ ಮ್ಯಾಲ ಓಡಿಸಿದ್ರ ಅಪಾಯ ಐತ್ರಿ," ಎಂದ. ಕೆಲಸ ಹೋದ ಮನುಷ್ಯನ ಮೊದಲ ಮಾತು ಅದು.

"ಹಾಕಿಲ್ಲಪ್ಪ," ಎಂದೆ. ಎದ್ದು ನಿಂತೆ.

"ನನ್ನಿಂದ ಒಂದು ತಪ್ಪು ತಿಳುವಳಿಕೆಯಾಗಿದೆ. ಹುಲಗೇಶನವರ ವಿಷಯದಲ್ಲಿ ಅಚಾತುರ್ಯ ನಡೆದುಹೋಯಿತು..."

ಜನ ಮುಖ ಮುಖ ನೋಡಿಕೊಂಡರು. ಒಬ್ಬ, "ಏನಂತಾರಲೇ ಇವರು?" ಎಂದ. ಇನ್ನೊಬ್ಬ, "ಬ್ಯಾಂಕಿನವರಿರಬೇಕು ಮಾರಾಯ," ಎಂದ. ಒಂದಿಬ್ಬರು ನಕ್ಕರು.

"ಹಂಗಲ್ರಿ," ಎಂದಳು ಸಾಬಮ್ಮ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ. "ಕದ್ದಾನ ಅಂತ ಅಂದೀರಲ್ಲ, ಅಷ್ಟ ಚಂದ ತಿಳಿಯಂಗ ಹೇಳ್ರಿ."

ಅಚಾತುರ್ಯ ನಡೆದುಹೋಗಿರಲಿಲ್ಲ. ನಾನು ಮಾಡಿದ್ದೆ.

"ಹುಲಗೇಶ ಕದ್ದಿಲ್ಲ," ಎಂದೆ. "ಕದ್ದ ಅಂತ ಸುಳ್ಳು ಹೇಳಿದವಳು ನಾನು. ಗಾಲಿ ಒಡೆದದ್ದು ನನ್ನ ಅವಸರದಿಂದ. ನನಗೆ ಬೇಜಾರಾಗಬಾರದು ಅಂತ ಅವನು ಸುಮ್ಮನಿದ್ದ."

ಒಬ್ಬ ಮುದುಕ, "ಹಿಂಗೈತಿ ಅಂತ ಅಲ್ಲೇ ಯಾಕ ಅನಲಿಲ್ಲೋ ಹುಲಗೇಶಾ?" ಎಂದು ಕೇಳಿದ.

"ಅನಬೇಕಂದಿದ್ನೋ ಕಾಕಾ. ಅಷ್ಟರಾಗ ಸೇಠ ಚಾವಿ ಕೇಳಿದ್ರು. ಹನ್ನೊಂದು ವರ್ಷದಾಗ ಗಲ್ಲಾದ ಚಾವೀನೂ ನನ್ನ ಹಂತ್ಯಾಕ ಬಿಟ್ಟು ಊರಿಗೆ ಹೋದವರು. ಒಂದು ಮಾತ ಕೇಳಲಿಲ್ಲ, ಚಾವಿ ಕೇಳಿದ್ರು. ಆಮ್ಯಾಲ ಬಾಯಿ ಬರಲಿಲ್ಲ." ನನ್ನ ಕಡೆ ತಿರುಗಿ, "ಹೋಗ್ಲಿ ಬಿಡ್ರಿ ಅಮ್ಮಾರ. ನಾಳಿ ಬರಾಂಗಿಲ್ರಿ ನಾ. ಇಲ್ಲೂ ಕೆಲಸ ಐತಿ," ಎಂದ.

"ಯಾಕ ಬರಾಂಗಿಲ್ಲ?" ಎಂದಳು ಸಾಬಮ್ಮ. "ಮಾಡದ ಕಳವಿಗೆ ನಾ ಇನ್ನೂ ಮರಳು ಹೊರಬೇಕೇನು? ನಿನಗ ನಾಚಿಕಿ ಆದ್ರ ನೀ ತೆಳಗ ನೋಡ್ಕೋತ ನಿಂದ್ರು. ಇವರು ಬರ್ತಾರ, ಅಲ್ಲೂ ಹೇಳ್ತಾರ. ಬರ್ತೀರಲ್ರಿ?"

"ಬರ್ತೀನಮ್ಮ," ಎಂದೆ.

ಶುಕ್ರವಾರ ಗಚ್ಚಿಬೌಲಿಯ ಹೊಸ ಅಂಗಡಿಯ ಮುಂದೆ ಮಾವಿನ ತೋರಣ ಕಟ್ಟಿದ್ದರು. ಹಳೆಯ ಅಂಗಡಿಯ ಗಿರಾಕಿಗಳನ್ನೆಲ್ಲ ಮಾಣಿಕಪ್ಪನವರು ಕರೆದಿದ್ದರು. ಬುಧವಾರ ನನ್ನ ಕೂಗನ್ನು ಕೇಳಿದವರಲ್ಲಿ ಮೂವರಂತೂ ಇದ್ದರು. ತನ್ವಿ ಆಫೀಸಿನಿಂದ ಒಂದು ಗಂಟೆ ಬಿಡುವು ಪಡೆದು ಬಂದಿದ್ದಳು. ಅವಳ ಮೈದಾನದ ಗೆಳೆಯರೂ ನಾಲ್ಕು ಜನ ಬಂದಿದ್ದರು. ಮಾಣಿಕಪ್ಪನವರ ಹೆಂಡತಿಯ ತಮ್ಮ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಸಾಬಮ್ಮ ಮಗಳ ಕೈ ಹಿಡಿದು, ಹುಲಗೇಶನನ್ನು ಮುಂದೆ ಬಿಟ್ಟುಕೊಂಡು ಬಂದಳು.

ಮಾಣಿಕಪ್ಪನವರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ಬಾರೋ, ಬಾ. ಆದದ್ದಾತು. ಪೂಜಾಕ್ಕ ಹೊತ್ತಾತು," ಎಂದು ಚಾವಿಯನ್ನು ಅವನ ಕೈಗೆ ತುರುಕಲು ಹೋದರು.

"ಸ್ವಲ್ಪ ಇರಿ," ಎಂದೆ.

ನಾನು ಹೇಳತೊಡಗಿದೆ. ಹಿಂದಿನ ದಿನಕ್ಕಿಂತ ಕಷ್ಟವಾಯಿತು. ಶೆಡ್ಡಿನ ಜನ ನನ್ನನ್ನು ಮತ್ತೆ ಕಾಣುವವರಲ್ಲ. ಇವರು ನನ್ನ ಬೀದಿಯವರು, 'ಮೇಡಂ' ಎಂದು ಕರೆಯುವವರು. ಡೈರಿಯಲ್ಲಿ ಬರೆದುಕೊಂಡು ಹೋದದ್ದು, ಕಳ್ಳನೆಂದದ್ದು, ಗಾಲಿಯೊಳಗಿನ ಟ್ಯೂಬು, ಡಾಕ್ಟರ ಪಾಳಿ ತಪ್ಪುತ್ತದೆಂದು ನಾನು ಹಟ ಹಿಡಿದದ್ದು. ತನ್ವಿಯ ಗೆಳೆಯನೊಬ್ಬ ಫಕ್ಕನೆ ನಕ್ಕು, ಅವಳು ಕಣ್ಣು ಬಿಟ್ಟಾಗ ಸುಮ್ಮನಾದ. ಹುಲಗೇಶ ನೆಲವನ್ನೇ ನೋಡುತ್ತಿದ್ದ, ತಪ್ಪು ಮಾಡಿದವನು ತಾನೇ ಎಂಬಂತೆ. ಅದನ್ನು ನೋಡಿ ನನ್ನ ಮಾತು ತಡವರಿಸಿತು.

"ಬಸ್ ಬಸ್, ಸಾಕ್ರಿ ಅಮ್ಮಾರ. ದೊಡ್ಡವರು ನೀವು, ಇಷ್ಟ್ಯಾಕ ಹೇಳ್ತೀರಿ," ಎಂದರು ಮಾಣಿಕಪ್ಪನವರು.

"ಇರ್ರಿ ಸೇಠಾ," ಎಂದಳು ಸಾಬಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಪೂರಾ ಹೇಳ್ಲಿ."

ನಾನು ಪೂರ್ತಿ ಹೇಳಿದೆ. ಮಾಣಿಕಪ್ಪನವರು ಚಾವಿ ಕೊಟ್ಟರು. ಹುಲಗೇಶ ಅದನ್ನು ಕಣ್ಣಿಗೊತ್ತಿಕೊಳ್ಳದೆ, ಜೇಬಿಗೆ ಹಾಕದೆ, ಹಾಗೇ ಹೆಂಡತಿಯ ಕೈಗಿಟ್ಟ. ಅವಳು ನನ್ನ ಕಡೆ ನೋಡದೆ ಮಗಳನ್ನು ಕರೆದುಕೊಂಡು ಹಿಂದಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು. ಗಿರಾಕಿಗಳು ಪ್ರಸಾದದ ಕಡೆ ಸರಿದರು. ನಾನು ಬಾಗಿಲ ಪಕ್ಕದಲ್ಲಿ ನಿಂತೇ ಇದ್ದೆ. ಕೂರಲು ಹುಲಗೇಶ ಮತ್ತೆ ಸ್ಟೂಲು ಒರೆಸಿ ತರುತ್ತಾನೇನೋ ಎಂಬ ಭಯ ನನಗಿತ್ತು.